ಸರ್ವೆ ನಂಬರಿನಿಂದ ಪರದೆಯವರೆಗೆ: ದಕ್ಷಿಣ ಬೆಂಗಳೂರಿನ ನಕ್ಷೆಗಳ ಚರಿತ್ರೆ

ಜಯನಗರ, ಜೆ.ಪಿ. ನಗರ, ಬನಶಂಕರಿ ಮತ್ತು ಬಿ.ಟಿ.ಎಂ. ಬಡಾವಣೆಗಳು ಹರಡಿಕೊಂಡಿರುವ ನೆಲವನ್ನು ಕಳೆದ ಎರಡು ಶತಮಾನಗಳಿಗೂ ಹೆಚ್ಚಿನ ಅವಧಿಯಲ್ಲಿ ನಾಲ್ಕು ಬೇರೆ ಬೇರೆ ಉದ್ದೇಶಗಳಿಗಾಗಿ ಅಳೆಯಲಾಗಿದೆ. ದಂಡಿನ ಅನುಕೂಲಕ್ಕಾಗಿ ಮೊದಲು ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿಗಳು ಅಳೆದರು. ಕಂದಾಯ ನಿಗದಿ ಮಾಡುವುದಕ್ಕಾಗಿ ಅನಂತರ ಮೈಸೂರಿನ ಸರ್ವೆ ಇಲಾಖೆ ಹೊಲಗದ್ದೆಗಳ ಮೇಲೆ ಸರಪಳಿ ಎಳೆಯಿತು. ನಿವೇಶನ ಹಂಚುವುದಕ್ಕಾಗಿ ನಗರಾಭಿವೃದ್ಧಿ ಸಂಸ್ಥೆಗಳು ಅದೇ ಹೊಲಗದ್ದೆಗಳ ಮೇಲೆ ರಸ್ತೆಗಳ ಗೆರೆ ಹಾಕಿದವು. ಕೊನೆಗೆ ಉಪಗ್ರಹಗಳು ಆಕಾಶದಿಂದ ಅದೇ ನೆಲದ ಚಿತ್ರ ತೆಗೆದವು. ಪ್ರತಿಯೊಂದು ಅಳತೆಯೂ ಒಂದೊಂದು ಕಚೇರಿಯ ಸ್ವತ್ತಾಗಿ ಉಳಿಯಿತು, ಪ್ರತಿಯೊಂದಕ್ಕೂ ಅದರದೇ ಮಾನ, ಅದರದೇ ಸಂಕೇತ, ಅದರದೇ ಗೋಪ್ಯತೆಯ ನಿಯಮಗಳಿದ್ದವು, ಮತ್ತು ಇವುಗಳಲ್ಲಿ ಒಂದನ್ನು ಇನ್ನೊಂದರ ಮೇಲಿಟ್ಟು ನೋಡುವ ಅವಕಾಶ ಆ ನೆಲದ ಮೇಲೆ ಮನೆ ಕಟ್ಟಿಕೊಂಡಿದ್ದವರಿಗೆ ಇರಲಿಲ್ಲ.

ಸಾರ್ವಜನಿಕ ನಕ್ಷಾ ದತ್ತಾಂಶವನ್ನು ಪರದೆಯ ಮೇಲೆ ನೋಡಿ, ಬೇಕಾದ ಪದರಗಳನ್ನು ಆರಿಸಿ, ತಮ್ಮದೇ ನಕ್ಷೆಯನ್ನು ಸಿದ್ಧಪಡಿಸಿಕೊಳ್ಳಲು ನೆರವಾಗುವ ತಂತ್ರಾಂಶಗಳ ಕಥೆಯನ್ನು ಕಂಪ್ಯೂಟರಿನ ಚರಿತ್ರೆಯ ಒಂದು ಅಧ್ಯಾಯವೆಂದು ಹೇಳುವುದೇ ರೂಢಿ. ದಕ್ಷಿಣ ಬೆಂಗಳೂರನ್ನು ಮುಂದಿಟ್ಟುಕೊಂಡು ನೋಡಿದಾಗ ಆ ಕಥೆಯ ಆರಂಭ ಕಂಪ್ಯೂಟರಿಗಿಂತ ಬಹಳ ಹಿಂದಕ್ಕೆ ಸರಿಯುತ್ತದೆ. ಕಚೇರಿಗಳ ಬೀರುಗಳಲ್ಲಿ ಬಿಡಿಬಿಡಿಯಾಗಿದ್ದ ಹಾಳೆಗಳು ಒಂದೇ ಮಾನಕ್ಕೆ ಬಂದು ಒಂದರ ಮೇಲೊಂದು ಕೂರುವುದು ಹೇಗೆ ಸಾಧ್ಯವಾಯಿತು, ಹಾಗೆ ಕೂತಾಗ ಯಾವುದು ಕಣ್ಣಿಗೆ ಬಿತ್ತು ಎಂಬುದೇ ಅದರ ಮುಖ್ಯ ವಸ್ತು.

ದಂಡಿನ ನಕ್ಷೆಗಳು

ಬೆಂಗಳೂರಿನ ಹಳೆಯ ನಕ್ಷೆಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು ಯುದ್ಧದಿಂದ ಹುಟ್ಟಿದ್ದು. 1791ರ ಮಾರ್ಚ್ ತಿಂಗಳಲ್ಲಿ ಕಾರ್ನ್‌ವಾಲಿಸ್‌ನ ಸೇನೆ ಟಿಪ್ಪು ಸುಲ್ತಾನನ ಬೆಂಗಳೂರು ಕೋಟೆಯನ್ನು ವಶಪಡಿಸಿಕೊಂಡಾಗ, ಆ ಸೇನೆಯ ಜೊತೆಗಿದ್ದ ಕ್ಲಾಡ್ ಮಾರ್ಟಿನ್ ಕೋಟೆ, ಪೇಟೆ ಮತ್ತು ದಾಳಿಯ ನೆಲೆಗಳನ್ನು ತೋರಿಸುವ ನಕ್ಷೆಯನ್ನು ಸಿದ್ಧಪಡಿಸಿದನು. ಪೇಟೆಯ ದಕ್ಷಿಣಕ್ಕಿದ್ದ ಹಳ್ಳಿ, ಕೆರೆ, ತೋಪುಗಳು ಇಂಥ ನಕ್ಷೆಗಳಿಗೆ ಬೇಕಾದದ್ದು ಫಿರಂಗಿ ಸಾಗಿಸುವ ದಾರಿ, ನೀರಿನ ಆಸರೆ, ಬೀಡುಬಿಡುವ ಜಾಗ ಎಂಬಷ್ಟರ ಮಟ್ಟಿಗೆ ಮಾತ್ರ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಅಳತೆಯ ಸ್ವರೂಪ ಬದಲಾಯಿತು. ಕಾಲಿನ್ ಮೆಕೆಂಜಿಯ ನೇತೃತ್ವದಲ್ಲಿ ನಡೆದ ಮೈಸೂರು ಸರ್ವೇಕ್ಷಣೆ ಗಡಿ, ಊರು, ಕೆರೆ, ಬೆಳೆ, ಶಾಸನಗಳವರೆಗೆ ಮಾಹಿತಿ ಕಲೆಹಾಕಿತು. ಅದೇ ಹೊತ್ತಿನಲ್ಲಿ ವಿಲಿಯಂ ಲ್ಯಾಂಬ್ಟನ್ ತ್ರಿಕೋನಮಿತಿಯ ಅಳತೆಗೆ ಬೆಂಗಳೂರಿನ ಬಯಲನ್ನು ಆರಿಸಿಕೊಂಡನು. ತ್ರಿಕೋನಮಿತಿಯ ಸರ್ವೇಕ್ಷಣೆಯಲ್ಲಿ ನೆಲದ ಮೇಲೆ ನಿಜವಾಗಿ ಅಳೆಯುವುದು ಒಂದೇ ಒಂದು ನೇರ ಗೆರೆಯನ್ನು. ಆಧಾರರೇಖೆ ಎಂದು ಕರೆಯುವ ಆ ಗೆರೆಯ ಎರಡು ತುದಿಗಳಿಂದ ದೂರದ ಬೆಟ್ಟದ ಅಥವಾ ಗೋಪುರದ ಕಡೆಗಿರುವ ಕೋನಗಳನ್ನು ಅಳೆದರೆ ತ್ರಿಕೋನದ ಉಳಿದ ಎರಡು ಬಾಹುಗಳ ಉದ್ದ ಲೆಕ್ಕದಿಂದಲೇ ಸಿಗುತ್ತದೆ, ಆ ಬಾಹುಗಳ ಮೇಲೆ ಮತ್ತೆ ತ್ರಿಕೋನಗಳನ್ನು ಕಟ್ಟುತ್ತಾ ದೇಶದುದ್ದಕ್ಕೂ ಸಾಗಬಹುದು. 1800ರಲ್ಲಿ ಲ್ಯಾಂಬ್ಟನ್ ಬೆಂಗಳೂರಿನಲ್ಲಿ ಸುಮಾರು ಏಳೂವರೆ ಮೈಲಿ ಉದ್ದದ ಆಧಾರರೇಖೆಯನ್ನು ಅಳೆಸಿದನು. 1802ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆ ವಿಧಿವತ್ತಾಗಿ ಆರಂಭವಾದ ಮೇಲೆ, ಪಶ್ಚಿಮಕ್ಕೆ ಬಂದ ತ್ರಿಕೋನಗಳ ಸರಣಿಯನ್ನು ಪರೀಕ್ಷಿಸಲು 1804ರಲ್ಲಿ ಬೆಂಗಳೂರಿನಲ್ಲಿ ಮತ್ತೊಮ್ಮೆ ಆಧಾರರೇಖೆಯನ್ನು ಅಳೆದಾಗ ಲೆಕ್ಕಕ್ಕೂ ಅಳತೆಗೂ ಬಂದ ಅಂತರ ನಾಲ್ಕು ಇಂಚಿಗಿಂತ ಕಡಿಮೆ.

ಈ ಪರಂಪರೆಯ ಫಲವೇ ಸರ್ವೆ ಆಫ್ ಇಂಡಿಯಾ ಪ್ರಕಟಿಸುವ ಸ್ಥಳಲಕ್ಷಣ ನಕ್ಷೆ, ಅಂದರೆ ಏರುತಗ್ಗು, ಹಳ್ಳಕೊಳ್ಳ, ಊರು, ದಾರಿಗಳನ್ನು ನಿಗದಿತ ಮಾನದಲ್ಲಿ ತೋರಿಸುವ ಹಾಳೆ. ದೇಶವನ್ನು ಅಕ್ಷಾಂಶ ರೇಖಾಂಶಗಳ ಚೌಕಗಳಾಗಿ ಕತ್ತರಿಸಿ ಅಂಕಿ ಕೊಟ್ಟ ಹಳೆಯ ಕ್ರಮದಲ್ಲಿ ದಕ್ಷಿಣ ಬೆಂಗಳೂರು 57 ಎಚ್/9 ಎಂಬ ಹಾಳೆಯೊಳಗೆ ಬರುತ್ತದೆ. 1:50,000 ಮಾನದ ಆ ಹಾಳೆಯಲ್ಲಿ ಒಂದು ಸೆಂಟಿಮೀಟರ್ ನೆಲದ ಮೇಲಿನ 500 ಮೀಟರ್‌ಗೆ ಸಮ. ಆದ್ದರಿಂದ ಮಡಿವಾಳದ ಕೆರೆಯ ಆಕಾರ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ಜಯನಗರದ ಒಂದು ಅಡ್ಡರಸ್ತೆ ಮಾತ್ರ ಗುರುತಿಗೆ ಸಿಗುವುದಿಲ್ಲ. ಸರ್ವೆ ಆಫ್ ಇಂಡಿಯಾದ ಕಚೇರಿ ಬಿ.ಟಿ.ಎಂ. ಬಡಾವಣೆಗೆ ಹತ್ತಿರದ ಕೋರಮಂಗಲದಲ್ಲೇ ಇದ್ದರೂ ಅದರ ಹಾಳೆಗಳು ಬಹುಕಾಲ ಸೇನೆಯ ದೃಷ್ಟಿಯಿಂದ ಕಾವಲಿನಲ್ಲಿದ್ದ ವಸ್ತುಗಳಾಗಿದ್ದವು. 2005ರ ರಾಷ್ಟ್ರೀಯ ನಕ್ಷಾ ನೀತಿ ರಕ್ಷಣಾ ಬಳಕೆಗೆ ಒಂದು, ಸಾರ್ವಜನಿಕ ಬಳಕೆಗೆ ಇನ್ನೊಂದು ಎಂದು ಎರಡು ಸರಣಿಗಳನ್ನು ಬೇರೆ ಮಾಡಿತು. 2017ರಲ್ಲಿ ಸಾರ್ವಜನಿಕ ಸರಣಿಯ ಹಾಳೆಗಳನ್ನು ‘ನಕ್ಷೆ’ ಎಂಬ ಜಾಲತಾಣದ ಮೂಲಕ ಉಚಿತವಾಗಿ ಇಳಿಸಿಕೊಳ್ಳಲು ಅವಕಾಶ ದೊರೆಯಿತು.

ಸರಪಳಿ, ಆಣೆ, ಗುಂಟೆ

ದಂಡಿನ ನಕ್ಷೆ ದೂರದಿಂದ ನೋಡಿದ್ದನ್ನು ಕಂದಾಯದ ನಕ್ಷೆ ಕಾಲ್ನಡಿಗೆಯಲ್ಲಿ ನೋಡಿತು. ಮೈಸೂರು ಸಂಸ್ಥಾನ ಕಮಿಷನರುಗಳ ಆಡಳಿತದಲ್ಲಿದ್ದ ಕಾಲದಲ್ಲಿ, 1863ರಲ್ಲಿ, ಮುಂಬಯಿ ಪ್ರಾಂತದ ಮಾದರಿಯ ಕಂದಾಯ ಸರ್ವೆ ಇಲ್ಲಿ ಆರಂಭವಾಯಿತು. 33 ಅಡಿ ಉದ್ದದ, 16 ಆಣೆಗಳಾಗಿ ಭಾಗವಾದ ಸರಪಳಿ ಅದರ ಮುಖ್ಯ ಸಾಧನ. ಆ ಸರಪಳಿಯ ಉದ್ದಗಲದ ಚೌಕವೇ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಪ್ರತಿ ಹಿಡುವಳಿಗೂ ಒಂದು ಸರ್ವೆ ನಂಬರು, ಅದರ ಮೂಲೆಗಳಿಗೆ ಬಾಂದು ಕಲ್ಲು, ಅಳತೆಯ ಕೈಬರಹದ ಚಿತ್ರಕ್ಕೆ ಟಿಪ್ಪಣಿ, ವಿಸ್ತೀರ್ಣ ಮತ್ತು ಕಂದಾಯದ ಪಟ್ಟಿಗೆ ಆಕಾರ್‌ಬಂದ್, ಇಡೀ ಊರಿನ ಸರ್ವೆ ನಂಬರುಗಳನ್ನು ಒಂದೇ ಹಾಳೆಯಲ್ಲಿ ಜೋಡಿಸಿದರೆ ಗ್ರಾಮನಕ್ಷೆ: ಹೀಗೆ ಒಂದರಿಂದ ಒಂದು ಹುಟ್ಟುವ ದಾಖಲೆಗಳ ಕ್ರಮವೊಂದು ಆಗ ರೂಪುಗೊಂಡಿತು, ಅದರ ಹೆಸರುಗಳೆಲ್ಲ ಇಂದಿಗೂ ತಾಲ್ಲೂಕು ಕಚೇರಿಯಲ್ಲಿ ಚಾಲ್ತಿಯಲ್ಲಿವೆ.

ಎಂಟು ಇಂಚಿಗೆ ಒಂದು ಮೈಲಿ, ಅಂದರೆ 1:7,920 ಮಾನದ ಗ್ರಾಮನಕ್ಷೆಯಲ್ಲಿ ಉಳುವ ಭೂಮಿಯಷ್ಟೇ ಮುಖ್ಯವಾದದ್ದು ಉಳದ ಭೂಮಿ. ಕೆರೆಯ ಅಂಗಳ, ಏರಿ, ನೀರು ಹರಿಯುವ ಕಾಲುವೆ, ಗುಂಡುತೋಪು, ಗೋಮಾಳ, ಸ್ಮಶಾನ, ಬಂಡಿದಾರಿ ಎಲ್ಲವೂ ಅದರಲ್ಲಿ ಗೆರೆಯಾಗಿ ಉಳಿದವು. ಸಾಗುವಳಿಗೆ ಯೋಗ್ಯವಲ್ಲದ ಕಲ್ಲುಭೂಮಿ ‘ಎ’ ಖರಾಬು, ದಾರಿ ಕಾಲುವೆಗಳಂಥ ಸಾರ್ವಜನಿಕ ಬಳಕೆಗೆ ಬಿಟ್ಟದ್ದು ‘ಬಿ’ ಖರಾಬು ಎಂಬ ವಿಂಗಡಣೆ ಕಂದಾಯದಿಂದ ವಿನಾಯಿತಿ ಕೊಡುವ ಲೆಕ್ಕಾಚಾರದಿಂದ ಬಂದದ್ದು. ಒಂದೂವರೆ ಶತಮಾನದ ಅನಂತರ ಯಾವ ನೆಲ ಎಲ್ಲರಿಗೂ ಸೇರಿದ್ದು ಎಂದು ತೋರಿಸುವ ಪ್ರಬಲ ಪುರಾವೆಯಾಗಿ ಅದೇ ಉಳಿಯಿತು. ಉತ್ತರಹಳ್ಳಿ ಹೋಬಳಿಯ ಸಾರಕ್ಕಿ, ಜರಗನಹಳ್ಳಿ, ಪುಟ್ಟೇನಹಳ್ಳಿಗಳ ಗ್ರಾಮನಕ್ಷೆಗಳನ್ನು ನೋಡದೆ ಇಂದಿನ ಜೆ.ಪಿ. ನಗರದ ಕೆರೆಗಳ ಗಡಿಯನ್ನು ಹೇಳುವುದು ಸಾಧ್ಯವಿಲ್ಲ.

ಈ ನಕ್ಷೆಗಳಿಗೆ ಒಂದು ಮಿತಿಯಿತ್ತು. ಸರಪಳಿಯಿಂದ ಅಳೆದ ಊರು ತನ್ನ ಗಡಿಯೊಳಗೆ ಸರಿಯಾಗಿರುತ್ತಿತ್ತು, ಆದರೆ ಭೂಮಿಯ ಮೇಲೆ ಆ ಊರು ಎಲ್ಲಿದೆ ಎಂಬ ಅಕ್ಷಾಂಶ ರೇಖಾಂಶಗಳು ಹಾಳೆಯ ಮೇಲೆ ಇರಲಿಲ್ಲ. ದಂಡಿನ ಹಾಳೆಗೆ ಸ್ಥಾನ ಗೊತ್ತಿತ್ತು, ಹೊಲದ ಗಡಿ ಗೊತ್ತಿರಲಿಲ್ಲ. ಕಂದಾಯದ ಹಾಳೆಗೆ ಹೊಲದ ಗಡಿ ಗೊತ್ತಿತ್ತು, ಸ್ಥಾನ ಗೊತ್ತಿರಲಿಲ್ಲ. ಎರಡನ್ನೂ ಕೂಡಿಸುವ ಅಗತ್ಯ ಕಂದಾಯ ವಸೂಲಿಗೆ ಇಲ್ಲದಿದ್ದ ಕಾರಣ ನೂರು ವರ್ಷಗಳಿಗೂ ಹೆಚ್ಚು ಕಾಲ ಅವು ಬೇರೆಯಾಗಿಯೇ ಉಳಿದವು.

ಹೊಲದ ಮೇಲೆ ಬಿದ್ದ ಚೌಕಗಳು

ಪ್ಲೇಗು ಬಂದ 1898ರ ಆಸುಪಾಸಿನಲ್ಲಿ ಬೆಳೆದ ಬಸವನಗುಡಿ, ನೇರ ರಸ್ತೆಗಳ ಯೋಜಿತ ಬಡಾವಣೆಯ ಮಾದರಿಯನ್ನು ನಗರದ ದಕ್ಷಿಣಕ್ಕೆ ತಂದಿತು. 1945ರ ಕಾಯ್ದೆಯಿಂದ ಬೆಂಗಳೂರು ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ ಹುಟ್ಟಿದ ಮೇಲೆ ಅದೇ ಮಾದರಿ ದೊಡ್ಡ ಪ್ರಮಾಣದಲ್ಲಿ ಮುಂದುವರಿಯಿತು. 1948ರಲ್ಲಿ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು ಜಯನಗರಕ್ಕೆ ಶಂಕುಸ್ಥಾಪನೆ ಮಾಡಿದರು. ಮಂಡಳಿಯ ಕೆಲಸವನ್ನು 1976ರಲ್ಲಿ ವಹಿಸಿಕೊಂಡ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಲದಲ್ಲಿ ಜೆ.ಪಿ. ನಗರದ ಹಂತಗಳೂ ಬನಶಂಕರಿಯ ಘಟ್ಟಗಳೂ ಬೈರಸಂದ್ರ, ತಾವರೆಕೆರೆ, ಮಡಿವಾಳಗಳ ಮೊದಲಕ್ಷರಗಳಿಂದ ಹೆಸರು ಪಡೆದ ಬಿ.ಟಿ.ಎಂ. ಬಡಾವಣೆಯೂ ಬೆಳೆದವು.

ಬಡಾವಣೆ ನಿರ್ಮಾಣದ ಕ್ರಮದಲ್ಲೇ ನಕ್ಷೆಗಳ ಮುಖಾಮುಖಿಯೊಂದು ಅಡಗಿತ್ತು. ಭೂಸ್ವಾಧೀನದ ಅಧಿಸೂಚನೆಯಲ್ಲಿ ಹೆಸರಿಸುವುದು ಸರ್ವೆ ನಂಬರು, ಎಕರೆ, ಗುಂಟೆ ಮತ್ತು ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಎಲ್ಲೆ. ಸ್ವಾಧೀನವಾದ ಮೇಲೆ ಬರೆಯುವ ಬಡಾವಣೆಯ ನಕ್ಷೆಯಲ್ಲಿ ಇರುವುದು ನಿವೇಶನ ಸಂಖ್ಯೆ, ಮುಖ್ಯರಸ್ತೆ, ಅಡ್ಡರಸ್ತೆ ಮತ್ತು ಅಡಿಗಳು. ಒಂದು ಗುಂಟೆಗೆ 1,089 ಚದರಡಿಯಾದರೆ 30×40ರ ನಿವೇಶನಕ್ಕೆ 1,200 ಚದರಡಿ. ಹೊಲದ ಗುಂಟೆಯೂ ನಗರದ ಸೈಟೂ ಅಳತೆಯಲ್ಲಿ ಇಷ್ಟು ಹತ್ತಿರವಿದ್ದರೂ ದಾಖಲೆಯಲ್ಲಿ ಎರಡು ಬೇರೆ ಲೋಕಗಳಾದವು. ಸ್ವಾಧೀನದಿಂದ ಹೊರಗುಳಿದ ಗ್ರಾಮಠಾಣಾಗಳು, ಅಂದರೆ ಊರಿನ ವಾಸದ ಜಾಗಗಳು, ಬೈರಸಂದ್ರ, ಯಡಿಯೂರು, ಮಾರೇನಹಳ್ಳಿ, ಸಾರಕ್ಕಿಗಳಲ್ಲಿ ತಮ್ಮ ಓರೆಕೋರೆ ಓಣಿಗಳೊಡನೆ ಹಾಗೆಯೇ ಉಳಿದವು. ಇಂದಿನ ಯಾವುದೇ ನಕ್ಷೆಯಲ್ಲಿ ಜಯನಗರದ ಚೌಕಗಳ ನಡುವೆ ರಸ್ತೆಗಳು ತಟ್ಟನೆ ಬಾಗುವ ಕಡೆ ಹಳೆಯ ಊರೊಂದು ಇದೆಯೆಂದು ಬಹುಮಟ್ಟಿಗೆ ಊಹಿಸಬಹುದು.

ಪ್ರತಿ ಬಡಾವಣೆಯೂ, ಅದರೊಳಗಿನ ಪ್ರತಿ ಬ್ಲಾಕು ಅಥವಾ ಹಂತವೂ ರಸ್ತೆಗಳನ್ನು ಹೊಸದಾಗಿ ಒಂದರಿಂದ ಎಣಿಸಿದ್ದರಿಂದ ಒಂದೇ ಸಂಖ್ಯೆಯ ಮುಖ್ಯರಸ್ತೆ ನಗರದ ದಕ್ಷಿಣ ಭಾಗದಲ್ಲಿ ಹತ್ತಾರು ಕಡೆ ಇದೆ. ಇಡೀ ನಗರಕ್ಕೆ ಒಂದೇ ನೋಟವನ್ನು ಕೊಡುವ ಪ್ರಯತ್ನ ನಗರ ಯೋಜನೆಯ ನಕ್ಷೆಗಳಿಂದ ನಡೆಯಿತು: 1972ರ ಸ್ಥೂಲ ಅಭಿವೃದ್ಧಿ ಯೋಜನೆ, 1984ರ ಸಮಗ್ರ ಅಭಿವೃದ್ಧಿ ಯೋಜನೆ, ಅದರ 1995ರ ಪರಿಷ್ಕರಣೆ, 2007ರಲ್ಲಿ ಅನುಮೋದನೆಗೊಂಡ 2015ರ ಪರಿಷ್ಕೃತ ಮಹಾ ಯೋಜನೆ. ಯಾವ ನೆಲ ವಸತಿಗೆ, ಯಾವುದು ವಾಣಿಜ್ಯಕ್ಕೆ, ಯಾವುದು ಉದ್ಯಾನಕ್ಕೆ ಎಂದು ಬಣ್ಣಗಳಿಂದ ತಿಳಿಸುವ ಈ ನಕ್ಷೆಗಳು ನಾಗರಿಕರ ಕೈಗೆ ಸಿಕ್ಕದ್ದು ಮುದ್ರಿತ ಹಾಳೆಯಾಗಿ ಅಥವಾ ಪಿಡಿಎಫ್ ಕಡತವಾಗಿ. ನೋಡಬಹುದಾಗಿತ್ತು, ಅವುಗಳ ಮೇಲೆ ಇನ್ನೊಂದು ಪದರವನ್ನು ಇರಿಸುವಂತಿರಲಿಲ್ಲ.

ಬನಶಂಕರಿಯಲ್ಲಿ ಉಪಗ್ರಹದ ಚಿತ್ರ

ಪದರಗಳನ್ನು ಕೂಡಿಸುವ ವಿದ್ಯೆಗೆ ಭೌಗೋಳಿಕ ಮಾಹಿತಿ ವ್ಯವಸ್ಥೆ ಎಂದು ಹೆಸರು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಾದ ಜಿ.ಐ.ಎಸ್. ಎಂಬುದೇ ಬಳಕೆಯಲ್ಲಿ ನಿಂತಿದೆ. ಅದರಲ್ಲಿ ರಸ್ತೆ, ಕೆರೆ, ಗಡಿ, ಕಟ್ಟಡಗಳು ತಮ್ಮ ತಮ್ಮ ಪದರಗಳಲ್ಲಿ ಸ್ಥಾನಸಹಿತವಾಗಿ ಇರುತ್ತವೆ, ಪ್ರತಿ ಆಕೃತಿಯ ಬೆನ್ನಿಗೂ ಹೆಸರು, ವಿಸ್ತೀರ್ಣ, ವರ್ಷಗಳಂಥ ವಿವರಗಳ ಪಟ್ಟಿಯೊಂದು ಇರುತ್ತದೆ, ಮತ್ತು ಈ ಕೆರೆಯಿಂದ 30 ಮೀಟರ್ ಒಳಗೆ ಯಾವ ಕಟ್ಟಡಗಳಿವೆ ಎಂಬಂಥ ಪ್ರಶ್ನೆಗೆ ಪದರಗಳನ್ನು ತಾಳೆ ನೋಡಿ ಉತ್ತರ ಪಡೆಯಬಹುದು. 1960ರ ದಶಕದಲ್ಲಿ ಕೆನಡಾದಲ್ಲಿ ಭೂಬಳಕೆಯ ಲೆಕ್ಕಕ್ಕಾಗಿ ರೂಪುಗೊಂಡ ಈ ವಿಧಾನ ಭಾರತಕ್ಕೆ ಬಂದದ್ದು ಬಹುಮಟ್ಟಿಗೆ ಬಾಹ್ಯಾಕಾಶ ಕಾರ್ಯಕ್ರಮದ ಜೊತೆಯಲ್ಲಿ.

ದಕ್ಷಿಣ ಬೆಂಗಳೂರಿಗೆ ಈ ಘಟ್ಟದಲ್ಲಿ ನೇರ ಪಾತ್ರವಿದೆ. ದೂರಸಂವೇದಿ ಚಿತ್ರಗಳನ್ನು ಸಂಸ್ಕರಿಸಿ ಬಳಕೆದಾರ ಇಲಾಖೆಗಳಿಗೆ ನೆರವಾಗಲೆಂದು 1980ರ ದಶಕದಲ್ಲಿ ದೇಶದ ಐದು ಕಡೆ ಸ್ಥಾಪನೆಯಾದ ಪ್ರಾದೇಶಿಕ ದೂರಸಂವೇದಿ ಸೇವಾ ಕೇಂದ್ರಗಳಲ್ಲಿ ಬೆಂಗಳೂರಿನದು ಬಹುಕಾಲ ಕೆಲಸ ಮಾಡಿದ್ದು ಬನಶಂಕರಿಯ ಈಶ್ವರನಗರದಲ್ಲಿ. ಕರ್ನಾಟಕ ಸರ್ಕಾರವೂ 1986ರಲ್ಲಿ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರವನ್ನು ಸ್ಥಾಪಿಸಿತು. 1988ರ ಮಾರ್ಚ್ 17ರಂದು ಹಾರಿದ ಐ.ಆರ್.ಎಸ್.-1ಎ ಉಪಗ್ರಹದ ಮೊದಲ ಕ್ಯಾಮೆರಾದಲ್ಲಿ ಚಿತ್ರದ ಒಂದು ಚುಕ್ಕೆ, ಅಂದರೆ ಪಿಕ್ಸೆಲ್, ನೆಲದ ಮೇಲಿನ 72.5 ಮೀಟರ್ ಚೌಕಕ್ಕೆ ಸಮನಾಗಿತ್ತು. ಜಯನಗರದ 30×40ರ ನಲವತ್ತಕ್ಕೂ ಹೆಚ್ಚು ನಿವೇಶನಗಳು ಅಂಥ ಒಂದೇ ಚುಕ್ಕೆಯಲ್ಲಿ ಕರಗಿಹೋಗುತ್ತಿದ್ದವು. 1995ರ ಐ.ಆರ್.ಎಸ್.-1ಸಿ 5.8 ಮೀಟರ್‌ಗೆ, 2005ರ ಕಾರ್ಟೋಸ್ಯಾಟ್-1 2.5 ಮೀಟರ್‌ಗೆ, 2007ರ ಕಾರ್ಟೋಸ್ಯಾಟ್-2 ಒಂದು ಮೀಟರ್‌ಗೂ ಕಡಿಮೆಗೆ ಇಳಿದಾಗ ಉಪಗ್ರಹದ ಕಣ್ಣಿಗೆ ಕಾಡು, ಬೆಳೆಗಳ ಜೊತೆಗೆ ಮನೆಯ ತಾರಸಿಯೂ ಕಾಣತೊಡಗಿತು.

ಆದರೂ ಆ ಕಾಲದ ತಂತ್ರಾಂಶವೂ ಅದನ್ನು ನಡೆಸುವ ಯಂತ್ರವೂ ಸಂಸ್ಥೆಗಳು ಮಾತ್ರ ಕೊಳ್ಳಬಹುದಾದಷ್ಟು ದುಬಾರಿಯಾಗಿದ್ದವು. ಇದೇ ಅವಧಿಯಲ್ಲಿ ಕಂದಾಯ ಇಲಾಖೆ ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳನ್ನು 2000ದ ಆಸುಪಾಸಿನಲ್ಲಿ ಕಂಪ್ಯೂಟರಿಗೆ ಏರಿಸಿತು. ಪಹಣಿ ಪಟ್ಟಿಯೇ ಹೊರತು ನಕ್ಷೆಯಲ್ಲ. ಯಾರದು, ಎಷ್ಟು ಎಂಬುದು ಪರದೆಗೆ ಬಂತು, ಎಲ್ಲಿ ಎಂಬುದು ಇನ್ನೂ ಹಾಳೆಯಲ್ಲೇ ಉಳಿಯಿತು.

ನಕ್ಷೆ ಓದುವವರು ಬರೆಯತೊಡಗಿದಾಗ

2000ದ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಜಿ.ಪಿ.ಎಸ್. ಸಂಕೇತಗಳಲ್ಲಿ ಉದ್ದೇಶಪೂರ್ವಕವಾಗಿ ಬೆರೆಸುತ್ತಿದ್ದ ದೋಷವನ್ನು ನಿಲ್ಲಿಸಿದ್ದರಿಂದ ಸಾಮಾನ್ಯ ಉಪಕರಣವೂ ಕೆಲವೇ ಮೀಟರ್‌ಗಳ ನಿಖರತೆಯಲ್ಲಿ ಸ್ಥಾನ ಹೇಳುವಂತಾಯಿತು. 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಆರಂಭಿಸಿದ ಓಪನ್‌ಸ್ಟ್ರೀಟ್‌ಮ್ಯಾಪ್, ಯಾರು ಬೇಕಾದರೂ ತಿದ್ದಬಹುದಾದ ಮತ್ತು ಮೂಲವನ್ನು ಹೆಸರಿಸಿ ಯಾರು ಬೇಕಾದರೂ ಬಳಸಬಹುದಾದ ಜಗತ್ತಿನ ನಕ್ಷೆಯನ್ನು ಕಟ್ಟಲು ಹೊರಟಿತು. ಮರುವರ್ಷ ಗೂಗಲ್ ಮ್ಯಾಪ್ಸ್ ಬಂತು. ಇವೆರಡರ ಹಿಂದೆಯೂ ಟೈಲ್ ಎಂಬ ಸರಳ ಉಪಾಯವಿದೆ: ಭೂಪಟವನ್ನು 256 ಪಿಕ್ಸೆಲ್‌ಗಳ ಚೌಕಗಳಾಗಿ ಕತ್ತರಿಸಿ, ಹತ್ತಿರಕ್ಕೆ ಹೋದಂತೆ ಒಂದು ಚೌಕ ನಾಲ್ಕಾಗುವಂತೆ ಮಟ್ಟಗಳನ್ನು ಏರ್ಪಡಿಸಿದರೆ, ನೋಡುಗರ ಪರದೆಗೆ ಬೇಕಾದ ಚೌಕಗಳನ್ನಷ್ಟೇ ಕಳುಹಿಸಿದರೆ ಸಾಕು. ಹದಿನೆಂಟನೆಯ ಮಟ್ಟದಲ್ಲಿ ಬೆಂಗಳೂರಿನ ಅಕ್ಷಾಂಶದಲ್ಲಿ ಒಂದು ಪಿಕ್ಸೆಲ್ ಸುಮಾರು 58 ಸೆಂಟಿಮೀಟರ್ ಆಗುವುದರಿಂದ 30 ಅಡಿ ಅಗಲದ ನಿವೇಶನ ಹದಿನಾರು ಪಿಕ್ಸೆಲ್‌ಗಳಷ್ಟು ಜಾಗ ಪಡೆಯುತ್ತದೆ.

ಬೆಂಗಳೂರು ಈ ಘಟ್ಟದಲ್ಲಿ ಬಳಕೆದಾರರ ಊರಷ್ಟೇ ಆಗಿರಲಿಲ್ಲ. ರಸ್ತೆಗಳ ದತ್ತಾಂಶ ಸಿಗದ ದೇಶಗಳಲ್ಲಿ ಜನರಿಂದಲೇ ನಕ್ಷೆ ತುಂಬಿಸುವ ಗೂಗಲ್ ಮ್ಯಾಪ್ ಮೇಕರ್ 2008ರಲ್ಲಿ ಹೊರಬಂದದ್ದು ಲಲಿತೇಶ್ ಕಟ್ರಗಡ್ಡ ಮುಂತಾದ ಬೆಂಗಳೂರಿನ ಇಂಜಿನಿಯರುಗಳ ಕೆಲಸದಿಂದ. 2009ರ ಕೊನೆಯಲ್ಲಿ ಭಾರತದ ಗೂಗಲ್ ಮ್ಯಾಪ್ಸ್ ರಸ್ತೆಯ ಹೆಸರಿನ ಜೊತೆಗೆ ದೇವಸ್ಥಾನ, ಪೆಟ್ರೋಲ್ ಬಂಕ್, ವೃತ್ತಗಳಂಥ ಗುರುತುಗಳನ್ನು ಹಿಡಿದು ದಾರಿ ಹೇಳತೊಡಗಿತು. ಒಂದೇ ಸಂಖ್ಯೆಯ ಅಡ್ಡರಸ್ತೆಗಳು ಹತ್ತಾರು ಇರುವ ಬಡಾವಣೆಗಳಲ್ಲಿ ಜನ ದಾರಿ ಹೇಳುತ್ತಿದ್ದುದೇ ಹಾಗೆ. ಅದೇ ವರ್ಷ ಇಸ್ರೋ ‘ಭುವನ್’ ಮೂಲಕ ತನ್ನ ಉಪಗ್ರಹ ಚಿತ್ರಗಳನ್ನು ಜಾಲಕ್ಕೆ ತಂದಿತು. ರಸ್ತೆಬದಿಯ ನೋಟವನ್ನು ಚಿತ್ರೀಕರಿಸುವ ಸ್ಟ್ರೀಟ್ ವ್ಯೂ 2011ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಪೊಲೀಸರ ಆಕ್ಷೇಪಣೆಯಿಂದ ಕೆಲವೇ ವಾರಗಳಲ್ಲಿ ನಿಂತು, 2022ರಲ್ಲಷ್ಟೇ ಮರಳಿತು. ಜನರು ಮ್ಯಾಪ್ ಮೇಕರ್‌ಗೆ ಸೇರಿಸಿದ ಮಾಹಿತಿ ಕಂಪನಿಯ ಸ್ವತ್ತಾಗಿ ಉಳಿಯಿತು, 2017ರಲ್ಲಿ ಆ ಸೇವೆ ಮುಚ್ಚಿತು. ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸೇರಿಸಿದ ಮಾಹಿತಿಯಾದರೋ ತೆರೆದ ಪರವಾನಗಿಯಡಿ ಎಲ್ಲರದಾಗಿ ಉಳಿಯಿತು. ಪರದೆಯ ಮೇಲೆ ಒಂದೇ ರೀತಿ ಕಾಣುವ ಎರಡು ನಕ್ಷೆಗಳ ನಡುವಿನ ಮುಖ್ಯ ವ್ಯತ್ಯಾಸ ಇರುವುದು ಈ ಪರವಾನಗಿಯಲ್ಲೇ.

ಸರ್ಕಾರಿ ಮಾಹಿತಿಯನ್ನು ಬಳಸಬಹುದಾದ ರೂಪಕ್ಕೆ ತರುವ ಕೆಲಸವನ್ನು ಸ್ವಯಂಸೇವಕರು ಕೈಗೆತ್ತಿಕೊಂಡರು. 2011ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಡೇಟಾಮೀಟ್ ಸಮುದಾಯ, ಪಾಲಿಕೆ ವಾರ್ಡುಗಳ ಗಡಿಗಳನ್ನು ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದಾದ ಕಡತಗಳಾಗಿ ಪ್ರಕಟಿಸಿತು. ಊರ್ವಾಣಿ ಪ್ರತಿಷ್ಠಾನದ ಓಪನ್‌ಸಿಟಿ ನಗರದ ಬಜೆಟ್, ವಾರ್ಡು, ಕೆರೆಗಳ ದತ್ತಾಂಶವನ್ನು ಒಂದೆಡೆ ಸೇರಿಸಿತು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದ ಬಳಿಕ 198 ಆಗಿದ್ದ ವಾರ್ಡುಗಳು 2022ರ ವಿಂಗಡಣೆಯಲ್ಲಿ 243, 2023ರಲ್ಲಿ 225 ಆಗಿ, 2025ರಲ್ಲಿ ಪಾಲಿಕೆಯೇ ಐದು ನಗರ ಪಾಲಿಕೆಗಳಾಗಿ ಒಡೆದ ಕಾರಣ, ತಮ್ಮ ರಸ್ತೆ ಯಾವ ವಾರ್ಡಿಗೆ ಸೇರುತ್ತದೆ ಎಂಬ ಸಾಮಾನ್ಯ ಪ್ರಶ್ನೆಗೂ ಪ್ರತಿ ಬಾರಿ ಹೊಸ ಗಡಿಗಳ ಕಡತ ಬೇಕಾಯಿತು. 2018ರ ನವೆಂಬರ್‌ನಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ಸಮುದಾಯದ ಏಷ್ಯಾ ಸಮಾವೇಶ, ಜೆ.ಪಿ. ನಗರಕ್ಕೂ ಬಿ.ಟಿ.ಎಂ. ಬಡಾವಣೆಗೂ ಹತ್ತಿರವಿರುವ ಬನ್ನೇರುಘಟ್ಟ ರಸ್ತೆಯ ಭಾರತೀಯ ನಿರ್ವಹಣಾ ಸಂಸ್ಥೆಯಲ್ಲಿ ನಡೆಯಿತು.

ಹಾಳೆಗಳು ಒಂದರ ಮೇಲೊಂದು

ತಮ್ಮದೇ ನಕ್ಷೆ ಮಾಡಿಕೊಳ್ಳಲು ಇಂದು ಹೆಚ್ಚು ಬಳಕೆಯಲ್ಲಿರುವ ಮುಕ್ತ ತಂತ್ರಾಂಶ ಕ್ಯುಜಿಐಎಸ್. 2002ರಲ್ಲಿ ಗ್ಯಾರಿ ಶೆರ್ಮನ್ ಆರಂಭಿಸಿ, 2009ರಲ್ಲಿ ಮೊದಲ ಪೂರ್ಣ ಆವೃತ್ತಿಗೆ ತಲುಪಿದ ಈ ತಂತ್ರಾಂಶವನ್ನು ಹಣ ಕೊಡದೆ ಸಾಮಾನ್ಯ ಕಂಪ್ಯೂಟರಿನಲ್ಲಿ ನಡೆಸಬಹುದು. ಗ್ರಾಮನಕ್ಷೆಯಂಥ ಸ್ಥಾನವಿಲ್ಲದ ಹಾಳೆಯನ್ನು ಅದರಲ್ಲಿ ಭೂಮಿಗೆ ಕೂರಿಸುವ ವಿಧಾನ ಹೀಗಿದೆ: ಹಾಳೆಯನ್ನು ಸ್ಕ್ಯಾನ್ ಮಾಡಿ, ಹಾಳೆಯಲ್ಲೂ ಇಂದಿನ ಉಪಗ್ರಹ ಚಿತ್ರದಲ್ಲೂ ಗುರುತಿಸಬಹುದಾದ ಕೆಲವು ಬಿಂದುಗಳನ್ನು, ಉದಾಹರಣೆಗೆ ಕೆರೆ ಏರಿಯ ತುದಿ, ಹಳೆಯ ದೇವಸ್ಥಾನ, ಮೂರು ಗ್ರಾಮಗಳ ಗಡಿ ಕೂಡುವ ಕಲ್ಲು ಇಂಥವನ್ನು, ಜೋಡಿಜೋಡಿಯಾಗಿ ಆರಿಸಬೇಕು, ಆ ಜೋಡಿಗಳು ಹೊಂದುವಂತೆ ತಂತ್ರಾಂಶ ಹಾಳೆಯನ್ನು ತಿರುಗಿಸಿ, ಹಿಗ್ಗಿಸಿ ಕೂರಿಸುತ್ತದೆ, ಎಷ್ಟು ಮೀಟರ್ ತಪ್ಪು ಉಳಿಯಿತು ಎಂಬುದನ್ನೂ ಹೇಳುತ್ತದೆ. ಸರ್ವೆ ಆಫ್ ಇಂಡಿಯಾದ ಹಳೆಯ ಹಾಳೆಗಳಲ್ಲಿ ಅಕ್ಷಾಂಶ ರೇಖಾಂಶಗಳಿದ್ದರೂ ಅವು ಜಾರ್ಜ್ ಎವರೆಸ್ಟ್ 1830ರಲ್ಲಿ ಲೆಕ್ಕಹಾಕಿದ ಭೂಗೋಳದ ಆಕಾರವನ್ನು ಆಧರಿಸಿವೆ, ಇಂದಿನ ಜಿ.ಪಿ.ಎಸ್. ಬೇರೊಂದು ಆಕಾರವನ್ನು ಆಧರಿಸಿದೆ. ಈ ವ್ಯತ್ಯಾಸವನ್ನು ತಿದ್ದದೆ ಎರಡನ್ನೂ ಕೂಡಿಸಿದರೆ ಬೆಂಗಳೂರಿನಲ್ಲಿ ಇಡೀ ಹಾಳೆ ನೂರು ಮೀಟರ್‌ಗೂ ಹೆಚ್ಚು ಸರಿದು, ಒಂದು ಬ್ಲಾಕಿನ ರಸ್ತೆ ಮತ್ತೊಂದರ ಉದ್ಯಾನದ ಮೇಲೆ ಬೀಳುತ್ತದೆ.

ಇದೇ ಕೆಲಸವನ್ನು ರಾಜ್ಯದ ಮಟ್ಟದಲ್ಲಿ ದೂರಸಂವೇದಿ ಅನ್ವಯಿಕ ಕೇಂದ್ರ ಮಾಡಿತು. ಕರ್ನಾಟಕ ಜಿ.ಐ.ಎಸ್. ಯೋಜನೆಯಡಿ ಸ್ಥಾನಕ್ಕೆ ಕೂರಿಸಿದ ಗ್ರಾಮನಕ್ಷೆಗಳನ್ನು ಆಧರಿಸಿದ ‘ದಿಶಾಂಕ್’ ಎಂಬ ಮೊಬೈಲ್ ಆ್ಯಪ್, ನಿಂತ ಜಾಗದ ಸರ್ವೆ ನಂಬರನ್ನು ಹೇಳುತ್ತದೆ. ಮುಖ್ಯರಸ್ತೆ ಅಡ್ಡರಸ್ತೆಗಳ ಸಂಖ್ಯೆಯಲ್ಲೇ ಮುಳುಗಿಹೋಗಿದ್ದ ಬಡಾವಣೆಯ ನಿವಾಸಿಗೆ ತನ್ನ ಅಂಗಳ ಯಾವ ಊರಿನ ಯಾವ ಹೊಲವಾಗಿತ್ತು, ಪಕ್ಕದ ಚರಂಡಿ ಯಾವ ಕಾಲುವೆಯಾಗಿತ್ತು ಎಂಬುದು ಹೀಗೆ ಮೊದಲ ಬಾರಿ ಕಚೇರಿಗೆ ಹೋಗದೆ ತಿಳಿಯಿತು.

ಇದರ ಪರಿಣಾಮ ಹೆಚ್ಚು ಕಂಡದ್ದು ಕೆರೆಗಳ ವಿಚಾರದಲ್ಲಿ. ಬೆಂಗಳೂರು ಒಂದು ಏಣಿನ ಮೇಲೆ ಕೂತ ಊರು: ಬನಶಂಕರಿಯ ಪಶ್ಚಿಮದ ನೀರು ವೃಷಭಾವತಿಯ ಮೂಲಕ ಅರ್ಕಾವತಿ, ಕಾವೇರಿಗಳ ಕಡೆಗೆ, ಮಡಿವಾಳದ ನೀರು ಅಗರ, ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಯ ಕಡೆಗೆ ಹರಿಯುತ್ತದೆ. ಬಡಾವಣೆಯ ಚೌಕಗಳು ಈ ಇಳಿಜಾರನ್ನು ಲೆಕ್ಕಕ್ಕೆ ಹಿಡಿಯದೆ ಬಿದ್ದವು; ಗ್ರಾಮನಕ್ಷೆಯ ಕಾಲುವೆಗಳಾದರೋ ಇಳಿಜಾರನ್ನೇ ಹಿಂಬಾಲಿಸಿದ್ದವು. ಎರಡನ್ನೂ ಸ್ಥಳಲಕ್ಷಣ ನಕ್ಷೆಯ ಎತ್ತರದ ಗೆರೆಗಳ ಮೇಲಿಟ್ಟಾಗ ಮಳೆ ಬಂದರೆ ಯಾವ ರಸ್ತೆಯಲ್ಲಿ ನೀರು ನಿಲ್ಲುತ್ತದೆ ಎಂಬುದಕ್ಕೆ ಬಹುಪಾಲು ವಿವರಣೆ ದೊರೆಯುತ್ತದೆ. 2015ರ ಏಪ್ರಿಲ್‌ನಲ್ಲಿ ಸುಮಾರು 82 ಎಕರೆಯ ಸಾರಕ್ಕಿ ಕೆರೆಯ ಒತ್ತುವರಿಯನ್ನು ಜಿಲ್ಲಾಡಳಿತ ತೆರವು ಮಾಡಿದಾಗ ಕೆರೆಯ ಎಲ್ಲೆಯನ್ನು ಹೇಳಿದ್ದು ಕಂದಾಯ ದಾಖಲೆಗಳೇ. ಅಲ್ಲಿ ಮನೆ ಕೊಂಡಿದ್ದ ಹಲವರು ಆ ದಾಖಲೆಯನ್ನು ಹಿಂದೆಂದೂ ಕಂಡಿರಲಿಲ್ಲ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯಲ್ಲಿ ಇದರ ಇನ್ನೊಂದು ಮುಖವಿದೆ: ಅಕ್ಕಪಕ್ಕದ ನಿವಾಸಿಗಳು ಕಟ್ಟಿದ ಟ್ರಸ್ಟ್ 2011ರಲ್ಲಿ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಕೆರೆಯ ನಿರ್ವಹಣೆಯನ್ನು ವಹಿಸಿಕೊಂಡಿತು. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಗಳ ಸುತ್ತ 75 ಮೀಟರ್ ರಕ್ಷಿತ ಅಂಚನ್ನು ಕಡ್ಡಾಯಗೊಳಿಸಿ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿ ಮಹಾ ಯೋಜನೆಯ 30 ಮೀಟರ್‌ಗೆ ಮರಳಿಸಿದಾಗ, ಯಾವ ಮನೆ ಅಂಚಿನ ಒಳಗೆ, ಯಾವುದು ಹೊರಗೆ ಎಂಬ ಪ್ರಶ್ನೆ ಬೀದಿಬೀದಿಯ ಪ್ರಶ್ನೆಯಾಯಿತು. ಆಕೃತಿಯೊಂದರ ಸುತ್ತ ನಿಗದಿತ ದೂರದ ಅಂಚು ಎಳೆಯುವ, ತಂತ್ರಾಂಶದ ಪ್ರಾಥಮಿಕ ಪಾಠವಾದ ಕೆಲಸಕ್ಕೆ ಹೀಗೆ ಕಾನೂನಿನ ತೂಕ ಬಂತು.

ಕನ್ನಡದ ಹೆಸರು, ಕಾನೂನಿನ ಗೆರೆ

ಈ ನಕ್ಷೆಗಳಲ್ಲಿ ಊರುಗಳ ಹೆಸರು ಕನ್ನಡದಲ್ಲಿ ಕಾಣಿಸುವುದು ತಾಂತ್ರಿಕವಾಗಿ ಸುಲಭದ ಮಾತಾಗಿರಲಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಪ್ರತಿ ಸ್ಥಳಕ್ಕೂ ಬೇರೆ ಬೇರೆ ಭಾಷೆಯ ಹೆಸರುಗಳನ್ನು ದಾಖಲಿಸುವ ಏರ್ಪಾಡಿದೆ, ಸ್ವಯಂಸೇವಕರು ಕನ್ನಡದ ಹೆಸರುಗಳನ್ನು ತುಂಬುತ್ತಲೂ ಬಂದಿದ್ದಾರೆ. ಆದರೆ ಚಿತ್ರದ ಚೌಕಗಳ ಬದಲು ಬಿಂದು, ಗೆರೆಗಳನ್ನೇ ಕಳುಹಿಸಿ ನೋಡುಗರ ಯಂತ್ರದಲ್ಲಿ ನಕ್ಷೆ ಬರೆಯುವ ಹೊಸ ತಂತ್ರಾಂಶಗಳು ಅಕ್ಷರಗಳನ್ನು ಬಿಡಿಬಿಡಿಯಾಗಿ ಜೋಡಿಸುವ ಕ್ರಮವನ್ನು ಅನುಸರಿಸಿದ್ದರಿಂದ, ಒತ್ತಕ್ಷರ ಮತ್ತು ಸ್ವರಚಿಹ್ನೆಗಳು ತಮ್ಮ ಸ್ಥಾನದಲ್ಲಿ ಕೂರದೆ ಒಡೆದು ಕಾಣುವ ತೊಂದರೆ ಭಾರತೀಯ ಲಿಪಿಗಳೆಲ್ಲಕ್ಕೂ ಉಂಟಾಯಿತು. ಗ್ರಾಮನಕ್ಷೆಯ ಮೇಲೆ ಕೈಯಿಂದ ಬರೆದ ಬೈರಸಂದ್ರ, ಪುಟ್ಟೇನಹಳ್ಳಿಗಳು ತಪ್ಪಿಲ್ಲದೆ ಉಳಿದಿರುವಾಗ ಅವುಗಳ ಪರದೆಯ ರೂಪ ಮುರಿದು ಕಾಣುವುದು ಈ ತಂತ್ರಜ್ಞಾನ ಯಾವ ಲಿಪಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಳೆಯಿತು ಎಂಬುದನ್ನು ಸೂಚಿಸುತ್ತದೆ.

ಕಾನೂನಿನ ದೃಷ್ಟಿಯಿಂದ 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಗಳು ದೊಡ್ಡ ತಿರುವು. ಭಾರತೀಯರು ಮತ್ತು ಭಾರತೀಯ ಸಂಸ್ಥೆಗಳು ನಕ್ಷೆ ಮಾಡಲು, ಪ್ರಕಟಿಸಲು ಪೂರ್ವಾನುಮತಿ ಬೇಕಿಲ್ಲವೆಂದು ಅವು ಸಾರಿದವು. ಒಂದು ಮೀಟರ್‌ಗಿಂತ ಸೂಕ್ಷ್ಮವಾದ ದತ್ತಾಂಶವನ್ನು ಸಿದ್ಧಪಡಿಸುವ, ಇಟ್ಟುಕೊಳ್ಳುವ ಹಕ್ಕನ್ನು ಭಾರತೀಯರಿಗೆ ಮೀಸಲಿಟ್ಟವು. 2022ರ ಡಿಸೆಂಬರ್‌ನ ರಾಷ್ಟ್ರೀಯ ಭೂಪ್ರಾದೇಶಿಕ ನೀತಿ ಅದನ್ನು ಮುಂದುವರಿಸಿತು. ಒಂದು ಕಾಲಕ್ಕೆ ಸೇನೆಯ ಕಪಾಟಿನಲ್ಲಿದ್ದ ವಿದ್ಯೆ ಹೀಗೆ ಕಾಗದದ ಮೇಲಾದರೂ ನಾಗರಿಕರ ಹಕ್ಕಾಯಿತು. ಆದರೆ ನಕ್ಷೆ ಮಾಡುವ ಹಕ್ಕೂ ನಕ್ಷೆಗೆ ಸಲ್ಲುವ ಅಧಿಕಾರವೂ ಒಂದೇ ಅಲ್ಲ. ಮೊಬೈಲಿನಲ್ಲಿ ಕಾಣುವ ಸರ್ವೆ ನಂಬರಿನ ಗೆರೆ ಮಾಹಿತಿಗಷ್ಟೇ. ಒತ್ತುವರಿಯ ವಿವಾದದಲ್ಲಿ ನಿಲ್ಲುವುದು ಭೂಮಾಪಕರು ಸ್ಥಳಕ್ಕೆ ಬಂದು ಟಿಪ್ಪಣಿಯೊಡನೆ ತಾಳೆ ನೋಡಿ ಕೊಡುವ ಅಳತೆಯ ನಕ್ಷೆ, ಅದರ ಬೇರು 1863ರ ಸರಪಳಿಯಲ್ಲೇ ಇದೆ.

ದಕ್ಷಿಣ ಬೆಂಗಳೂರಿನ ಅನುಭವ ಹೇಳುವ ಪ್ರಕಾರ, ಈ ಚರಿತ್ರೆಯಲ್ಲಿ ತಂತ್ರಾಂಶ ಬೇಗ ಬಂತು, ದತ್ತಾಂಶ ತಡವಾಗಿ ಬಂತು. ಹಣವಿಲ್ಲದೆ ಸಿಗುವ ಸಾಧನಗಳು 2009ರ ವೇಳೆಗೇ ಸಿದ್ಧವಾಗಿದ್ದವು. ವಾರ್ಡಿನ ಗಡಿ, ಗ್ರಾಮನಕ್ಷೆ, ಸ್ಥಳಲಕ್ಷಣ ಹಾಳೆಗಳು ಸಾರ್ವಜನಿಕರ ಬಳಕೆಗೆ ಒಂದೊಂದಾಗಿ ದೊರೆಯಲು ಮುಂದೆ ಹಲವು ವರ್ಷಗಳೇ ಹಿಡಿದವು, ಮತ್ತು ಯೋಜನಾ ನಕ್ಷೆಗಳು ಬಹುಮಟ್ಟಿಗೆ ಇಂದಿಗೂ ಪಿಡಿಎಫ್ ಚಿತ್ರಗಳಾಗಿಯೇ ಇವೆ. ಚಿತ್ರವಾಗಿ ಪ್ರಕಟವಾದ ನಕ್ಷೆಯನ್ನು ನಾಗರಿಕರು ಮತ್ತೆ ಗೆರೆಗೆರೆಯಾಗಿ ಬರೆದುಕೊಳ್ಳಬೇಕು, ಹಾಗೆ ಬರೆದದ್ದರಲ್ಲಿ ತಪ್ಪು ಉಳಿದರೆ ಅದಕ್ಕೆ ಹೊಣೆ ಯಾರೂ ಅಲ್ಲ; ಸ್ಥಾನ, ಮೂಲ ಮತ್ತು ದಿನಾಂಕಸಹಿತವಾದ ದತ್ತಾಂಶವಾಗಿ ಪ್ರಕಟವಾದ ನಕ್ಷೆಯಲ್ಲಿ ತಪ್ಪಿದ್ದರೆ ಅದನ್ನು ತೋರಿಸಬಹುದು, ತಿದ್ದಿಸಬಹುದು. ಹಳ್ಳಿಗಳ ಮೇಲೆ ಬಡಾವಣೆ ಬಿದ್ದ ನೆಲದಲ್ಲಿ ಕಾಲುವೆ ಯಾರದು, ಕೆರೆಯ ಅಂಚು ಎಲ್ಲಿ, ಉದ್ಯಾನಕ್ಕೆ ಬಿಟ್ಟ ಜಾಗ ಎಷ್ಟು ಎಂಬ ವಿವಾದಗಳು ನಿಲ್ಲುವಂತಿಲ್ಲ. ಅವನ್ನು ಮನೆ ಕಟ್ಟುವ ಮೊದಲು ಎತ್ತಬೇಕೋ ಕೆಡವುವ ದಿನ ಎತ್ತಬೇಕೋ ಎಂಬುದು ಈ ಎರಡು ಬಗೆಯ ಪ್ರಕಟಣೆಗಳಲ್ಲಿ ಕಚೇರಿಗಳು ಯಾವುದನ್ನು ಆರಿಸಿಕೊಳ್ಳುತ್ತವೆ ಎಂಬುದನ್ನು ಅವಲಂಬಿಸಿದೆ.